ಪ್ರಭುರಾಜ ಕೊಟ್ಟ ಮಜ್ಜಿ

ನಗಬ್ಯಾಡ್ರಿ. ನಮ್ಮ ಕಾಕನ ಮಗ ಪ್ರಭುರಾಜಗ ಆಗಿದ್ದು ಇದು, ಹೋದ ವರ್ಷ. ರಾತ್ರಿ ಹತ್ತರ ಮ್ಯಾಲಾಗಿತ್ತು. ನಮ್ಮೂರು ಗೂಗಲ್‌ನ ಅಲ್ಲಮಪ್ರಭು ಗುಡಿ ವಿಭೂತಿ ಜೇಬಿನಾಗ ಇಟ್ಕೊಂಡು ಅಂವ ಒಬ್ಬಾವನ ಆಲದ ಗಿಡದ ಬಾವಿ ಹಾದಿ ಹಿಡಿದಿದ್ದ. ಆ ಕಡಿ ಡಾಂಬರ್ ರಸ್ತಿಗೆ ಗುಲಾಮ್ ದಸ್ತಗೀರನ ಆಟೋ ನಿಂತಿತ್ತು. ರಾಯಚೂರಿಗೆ ಹೋಗಿ ರೈಲು ಹಿಡೀಬೇಕು... ಬೆಳಗಾಗೂದ್ರಾಗ ಹೈದರಾಬಾದ್ ಮುಟ್ಟಬೇಕು.

ಯಾಕಂದ್ರ ಅವನ ತಂಗಿ ರಾಧಾ ಅಲ್ಲಿ ದವಾಖಾನ್ಯಾಗ ಮಲಗಿದ್ಲು. ರಕ್ತದ ಕ್ಯಾನ್ಸರ್. ರಕ್ತ ಹುಟ್ಟೂದು ಎಲುಬಿನ ಒಳಗಿನ ಮಜ್ಜ್ಯಾಗಂತ, ಆಕೀದು ಆ ಮಜ್ಜೀನ ಕೆಟ್ಟಿತ್ತು. ಡಾಕ್ಟ್ರು ಔಷಧಿ ಹಾಕಿ ಅದನ್ನ ಪೂರ್ತಿ ಸುಟ್ಟಿದ್ರು. ಇನ್ನ ಅಣ್ಣನ ಮಜ್ಜಿ ಒಳಗ ಬೀಳಲಿಲ್ಲಂದ್ರ ಆಕಿ ಉಳಿಯೂದಿಲ್ಲ. ಅಂಥಾ ಹೊತ್ತಿನ್ಯಾಗ ನಮ್ಮ ಚಿಗವ್ವ ಬಾಲಮ್ಮ, "ಅಲ್ಲಮಪ್ರಭುಗ ಕಾಯಿ ಒಡೀಲಾರದ ಮೈಯಾಗಿಂದು ಯಾರಿಗೂ ಕೊಡಬಾರ್ದು" ಅಂತ ಹಟ ಹಿಡದು ಮಗನ್ನ ಊರಿಗೆ ಓಡಿಸಿದ್ಲು. ನನಗ ಎಷ್ಟು ಸಿಟ್ಟು ಬಂದಿತ್ತಂದ್ರ... ಇರ್ಲಿ ಬಿಡ್ರಿ.

ಬಾವಿ ಹತ್ರ ಬಂದಾಗ ಒಂದು ಸಪ್ಪಳ.

ಸರಕ್... ಸರಕ್...

"ಅಣ್ಣಾ..."

ರಾಧಾನ ದನಿ. ಥೇಟ್ ಆಕೀದ.

"ರಾಧಾ? ನೀ ಇಲ್ಲಿಗೆ ಹ್ಯಾಂಗ ಬಂದಿ ಬೇ?"

"ನನಗ ಆರಾಮಾಗ್ಯದ. ನೀ ಹೋಗಬ್ಯಾಡ... ಸೂಜಿ ಚುಚ್ಚಿಸ್ಕೊಬ್ಯಾಡ."

ಖರೇ ಹೇಳ್ತೀನಿ, ಪ್ರಭುರಾಜಗ ಸೂಜಿ ಅಂದ್ರ ಜೀವ ಬಾಯಿಗೆ ಬರ್ತದ. ಈ ಮಾತಿಗೆ ಹಾಯ್ ಅನಿಸಿತಂತ. ಬಾವಿ ಕಟ್ಟಿ ಮ್ಯಾಲ ಕುಂತುಬಿಟ್ಟ. ಸಪ್ಪಳ ಬೆನ್ನ ಹಿಂದ ಬಂತು. ಸರಕ್... ಸರಕ್...

ಆಗ ಅವನಿಗೆ ಸಂಶೇ ಬಂತು.

"ಏನ್ ಮಾಡಾಕತ್ತಿ?"

"ತಲಿ ಬಾಚ್ಕೊಳಾಕತ್ತೀನಿ."

ರಾಧಾನ ತಲ್ಯಾಗ ಒಂದು ಕೂದಲಿದ್ದಿಲ್ಲ. ಔಷಧಕ್ಕ ಎಲ್ಲಾ ಉದುರಿದ್ವು. ಹಿಂದಿನ ದಿನ ತಾನ ಕೈಯಾರೆ ಆಕಿ ಬೋಳು ತಲಿಗೆ ಬಟ್ಟಿ ಕಟ್ಟಿ ಬಂದಿದ್ದ.

"ನೀ... ಯಾರು?"

ಬಾಚಣಿಕಿ ಸಪ್ಪಳ ನಿಂತಿತು. ಕಿವಿ ಹತ್ರ ಪಿಸುಮಾತು...

"ಆಕಿಗೆ ಕೊಡೂದ್ರಾಗ... ನನಗೂ ಒಂದೀಟು."

ಅಂವ ಓಡಿದ. ಚಪ್ಪಲಿ ಅಲ್ಲೇ ಬಿಟ್ಟ. ಕುಂತಿದ್ದು ಎರಡು ನಿಮಿಷ ಅಂತಾನ ಇಂವ. ರಸ್ತ್ಯಾಗ ಗುಲಾಮ್ ದಸ್ತಗೀರ ಬೈಯಾಕತ್ತಿದ್ದ, "ಎಲ್ಲಿ ಹೋಗಿದ್ಯೋ ಮಾರಾಯಾ? ತಾಸಿಗೆ ಮ್ಯಾಲಾತು ಕಾಯಾಕತ್ತು!" ರೈಲು ಕೂದಲೆಳಿ ಅಂತರದಾಗ ಸಿಕ್ತು.

ಮರುದಿನ ಸೊಂಟದ ಎಲುಬಿನಿಂದ ಮಜ್ಜಿ ತೆಗೆದ್ರು. ನೋಡಾಕ ರಕ್ತದಂಗ ಇರ್ತದ, ಒಂದು ಚೀಲ. ರಾಧಾನ ನರದಾಗ ಬಿಟ್ರು, ಅಷ್ಟ. ಅದು ತಾನ ಹಾದಿ ಹುಡಿಕ್ಕೊಂಡು ಹೋಗಿ ಎಲುಬಿನಾಗ ಕುಂದರ್ತದಂತ. ಮೂರು ವಾರಕ್ಕ ಆಕಿ ಮೈಯಾಗ ಹೊಸ ರಕ್ತ ಹುಟ್ಟಿತು. ಈಗ ಮನ್ಯಾಗ ಅದಾಳ, ಬೇಕಾದ್ರ ನಾಳೆ ಹೋಗಿ ಮಾತಾಡಿಸ್ರಿ.

ಆದ್ರ ಆ ಮುಂಜಾನಿ... ಮಜ್ಜಿ ತೆಗೆಯೂಕಿಂತ ಮೊದಲ, ಡಾಕ್ಟ್ರು ಪ್ರಭುರಾಜನ್ನ ಬೋರಲು ಮಲಗಿಸಿ ಅಂಗಿ ಎತ್ತಿದ್ರು. ಬಗ್ಗಿ ಸೊಂಟ ನೋಡಿದ್ರು. ಆಮ್ಯಾಲ ಭಾಳ ಮೆಲ್ಲಕ ಕೇಳಿದ್ರು.

"ನೀ ಈಗಾಗ್ಲೆ ಯಾರಿಗೆ ಮಜ್ಜಿ ಕೊಟ್ಟು ಬಂದಿ?"

"ಯಾರಿಗೂ ಇಲ್ರೀ."

ರಾಧಾನ ಕೂಡ ಅಲ್ಲೇ ಉಳಿದಿದ್ದ ನಾನು ಅವನ ಕಾಲ ಕಡಿ ನಿಂತಿದ್ದೆ. ಕಣ್ಣಾರೆ ನೋಡೀನಿ. ಸೊಂಟದ ಎಲುಬಿನ ಮ್ಯಾಲ, ಎಡಕ್ಕೊಂದು ಬಲಕ್ಕೊಂದು, ಸೂಜಿ ತೂತು. ರಕ್ತ ಇನ್ನೂ ಹಸಿ ಇತ್ತು.