ಬಲಕ್ಕೆ ತಿರುಗಿದ ಬೀಗರು

ಒಂದು ಊರು, ಆ ಊರಿಗೊಬ್ಬ ಸಾಹುಕಾರ, ಆ ಸಾಹುಕಾರನಿಗೊಂದು ಅಪ್ಪನ ಕಾಲದ ಕಾರು. ಪ್ರತಿ ಆಯುಧಪೂಜೆಗೂ ಅದಕ್ಕೆ ಹೊಸ ಬಣ್ಣ ಹೊಡೆಸುತ್ತಿದ್ದ. ಹಳೆಯದನ್ನು ತೆಗೆಸುತ್ತಿದ್ದನೆ? ಇಲ್ಲ. ಅದರ ಮೇಲೇ ಇನ್ನೊಂದು. ನೋಡಿ, ಕಾರು ವರ್ಷವರ್ಷವೂ ದಪ್ಪವಾಗುತ್ತಿತ್ತು, ಸಾಹುಕಾರನ ಹಾಗೆಯೇ!

ಹೊಳಪೇನೋ ಬಂತು. ಆದರೆ ಬ್ರೇಕ್ ತುಳಿದರೆ ಬಲಗಡೆಯ ಇಂಡಿಕೇಟರ್ ಹತ್ತುತ್ತಿತ್ತು. ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಿಣುಕುತ್ತಿತ್ತು, ಹಾರ್ನ್ ಮಾತ್ರ ಶೀತವಾದ ಮೇಕೆಯಂತೆ ಕೆಮ್ಮುತ್ತಿತ್ತು.

ವೈರಿಂಗ್ ಮಿಸ್ತ್ರಿ ಬಂದು ಡಿಕ್ಕಿಯೊಳಗೆ ತಲೆ ಹಾಕಿದ.

"ಯಜಮಾನ್ರೇ, ಬಲ್ಬೂ ಚೆನ್ನಾಗೈತೆ, ವೈರೂ ಚೆನ್ನಾಗೈತೆ. ಅರ್ತ್ ಇಲ್ಲ. ಬಲ್ಬಿಗೆ ಹೋದ ಕರೆಂಟು ಕಾರಿನ ಕಬ್ಬಿಣಕ್ಕೆ ಇಳೀಬೇಕು. ನೀವು ಅರ್ತ್ ವೈರಿನ ಬೋಲ್ಟಿನ ಬುಡಕ್ಕೂ ಬಣ್ಣ ಬಳಿಸಿದೀರ. ದಾರಿ ಸಿಗದೆ ಪಕ್ಕದ್ ಬಲ್ಬಿನ ಮನೆಗೆ ನುಗ್ತೈತೆ. ಒಂದ್ರೂಪಾಯಿ ಅಗಲ ಕೆರೀತೀನಿ, ಅಷ್ಟೇ."

"ಕೆರೀತೀಯಾ? ನನ್ನ ಕಾರನ್ನಾ? ಬಲ್ಬ್ ಬದಲಾಯಿಸೋ!"

ಬದಲಾಯಿಸಿದ. ಹೊಸ ಬಲ್ಬು ಇನ್ನೂ ಚೆನ್ನಾಗಿ ಸುಳ್ಳು ಹೇಳಿತು.

ಮಗಳ ಮದುವೆ ಬಂತು. ಮುಹೂರ್ತ ಹನ್ನೊಂದಕ್ಕೆ. ಮದುಮಗನನ್ನು ಸಾಹುಕಾರ ಅದೇ ಕಾರಿನಲ್ಲಿ ಕರೆತರುತ್ತಿದ್ದ, ಹಿಂದೆ ಬಸ್ಸಿನಲ್ಲಿ ಬೀಗರು. ಸರ್ಕಲ್ಲಿನ ಹತ್ತಿರ ಹಂಪ್. ಸಾಹುಕಾರ ಬ್ರೇಕ್ ತುಳಿದ. ಕಾರು ನೇರ ಹೋಯಿತು, ಬಸ್ಸು ಬಲಕ್ಕೆ ತಿರುಗಿತು. ಬಲಕ್ಕೆ ಏನಿತ್ತು? ಇನ್ನೊಂದು ಕಲ್ಯಾಣಮಂಟಪ! ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ಬೀಗರು ಇಳಿದರು, ಪಂಕ್ತಿಯಲ್ಲಿ ಕೂತರು, ಯಾರದೋ ಮದುವೆಯ ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡರು.

ಹತ್ತೂವರೆಗೆ ಸಾಹುಕಾರ ಮದುಮಗನನ್ನು ಮಂಟಪದಲ್ಲಿ ಇಳಿಸಿ, ಮದುವೆಗೆ ಬಂದಿದ್ದ ಮಿಸ್ತ್ರಿಯನ್ನೂ ಕೂರಿಸಿಕೊಂಡು ಹುಡುಕುತ್ತಾ ಬಂದ.

"ನಿಮ್ ಡ್ರೈವರ್‌ಗೆ ಕಣ್ಣು ಕಾಣ್ಸಲ್ವಾ ಬೀಗ್ರೇ?"

"ನಿಮ್ ಕಾರು ತೋರಿಸಿದ ಕಡೆ ಬಂದ್ವಿ ಸ್ವಾಮಿ. 'ನೀವು ಯಾವ ಕಡೆಯವ್ರು' ಅಂತ ಕೇಳಿ ಎಲೆ ಮುಂದಿಂದ ಎಬ್ಬಿಸಿದ್ರು. ಇನ್ನು ಆ ಕಾರಿನ ಹಿಂದೆ ನಾವು ಬರಲ್ಲ. ನಮ್ ಹುಡುಗನ್ನ ವಾಪಸ್ ಕಳಿಸಿ."

ಸಾಹುಕಾರ ಮಿಸ್ತ್ರಿಯಿಂದ ಬೋಲ್ಟ್ ಬಿಚ್ಚಿಸಿ, ಸ್ಕ್ರೂಡ್ರೈವರ್ ಕಿತ್ತುಕೊಂಡು, ರೇಷ್ಮೆ ಪಂಚೆಯಲ್ಲೇ ಮಂಡಿಯೂರಿ ತಾನೇ ಕೆರೆದ. ಕೆಂಪು ಹೋಯಿತು, ಹಸಿರು ಹೋಯಿತು, ನೀಲಿ ಹೋಯಿತು, ಅಪ್ಪನ ಕಾಲದ ಕಪ್ಪೂ ಹೋಗಿ ಕಬ್ಬಿಣ ಮಿಂಚಿತು. ಮಿಸ್ತ್ರಿ ಬೋಲ್ಟ್ ಬಿಗಿದು ಬ್ರೇಕ್ ತುಳಿದ. ಬೀಗರು ಬಗ್ಗಿ ನೋಡಿದರು. ಬ್ರೇಕ್ ದೀಪ ಮಾತ್ರ ಹತ್ತಿತ್ತು.

"ತಪ್ಪು ನಂದೇ ಬೀಗ್ರೇ."

"ಹಾಗನ್ನಿ ಮತ್ತೆ" ಎಂದು ಬೀಗರು ಕೈ ತೊಳೆದು ಬಸ್ಸು ಹತ್ತಿದರು. ಮುಹೂರ್ತಕ್ಕೆ ಐದು ನಿಮಿಷವಿತ್ತು.

ನಗುತ್ತಿದ್ದೀರಿ. ಆ ಸಾಹುಕಾರ ಯಾರು ಅಂದುಕೊಂಡಿರಿ? ಆಫೀಸಿನಲ್ಲಿ ಸಾಹೇಬರು ಬೈದ ದಿನ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿರುತ್ತದೆ, ಅಲ್ಲವೆ? ಅತ್ತೆಯ ಮೇಲಿನ ಸಿಟ್ಟಿಗೆ ಪಾತ್ರೆ ಸದ್ದು ಮಾಡುತ್ತದೆ, ಅಲ್ಲವೆ ತಾಯಂದಿರೇ? ಅಲ್ಲಿ ತುಳಿದರೆ ಇಲ್ಲಿ ಹತ್ತುತ್ತದೆ! ಆಗ ನಾವೇನು ಮಾಡುತ್ತೇವೆ? ಎದುರಿನವರನ್ನು ಬದಲಾಯಿಸಲು ಹೊರಡುತ್ತೇವೆ. ನಮ್ಮ ದೊಡ್ಡಸ್ತಿಕೆಯನ್ನು ಒಂದು ರೂಪಾಯಿ ಅಗಲ ಕೆರೆಯಲು ಒಪ್ಪುವುದಿಲ್ಲ.

ಇವತ್ತು ಒಂದೇ ಕೆಲಸ ಮಾಡಿ. ಬೆಳಿಗ್ಗೆ ಯಾರ ಮೇಲೆ ಸುಮ್ಮನೆ ರೇಗಿ ಬಂದಿರೋ ಅವರಿಗೆ 'ತಪ್ಪು ನನ್ನದು' ಎನ್ನಿ. ಅದರ ಹಿಂದೆ 'ಆದರೂ ನೀನು...' ಎಂದು ಬಾಲ ಸೇರಿಸಬೇಡಿ. ನೋಡಿ, ಮುಂದಿನ ಸಾಲಿನ ಯಜಮಾನರು ಆಗಲೇ ಫೋನ್ ತೆಗೆದರು. ಮಾಡಿ, ಮಾಡಿ. ನಾವೆಲ್ಲ ಕಾಯುತ್ತೇವೆ.