ಸೆಪ್ಟೆಂಬರ್ ಮೂರನೇ ವಾರದ ಒಂಬತ್ತು

ಹೆಸರು ಬರ್ನೀಸ್ ಸ್ಟಾಸಿಯಾಕ್, ತಂದೆ ದಿವಂಗತ ಕ್ಯಾಸಿಮಿರ್ ಸ್ಟಾಸಿಯಾಕ್, ವಯಸ್ಸು 69. ಹಿಂದೆ ಬ್ರಾಕ್‌ವೇ ಕಾರ್ಬ್ಯುರೇಟರ್ ಕಾರ್ಖಾನೆಯಲ್ಲಿ ಅಂಕಿ ಹೊಡೆಯುವ ಕೆಲಸ, ಈಗ ನಿವೃತ್ತೆ. ವಾಸ 418, ಟರ್ನ್‌ಬುಲ್ ರಸ್ತೆ, ವೆಲ್ಡನ್ ಪಾರ್ಕ್, ಮಿಷಿಗನ್.

ಈ ದಿನ ಸೋಮವಾರ, ಆಗಸ್ಟ್ 22, 2016, ಬೆಳಿಗ್ಗೆ 10.15ಕ್ಕೆ ಠಾಣೆಗೆ ಬಂದು ಸಾರ್ಜೆಂಟ್ ಮರೆಟಾ ಕೋಲ್ಸ್ ಅವರ ಎದುರು ಕುಳಿತು, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುತ್ತಿರುವುದೇನೆಂದರೆ:

ನಾನು 1966ರ ಜೂನ್‌ನಿಂದ ಕಾರ್ಖಾನೆ ಮುಚ್ಚಿದ 1988ರ ಏಪ್ರಿಲ್ 29ರವರೆಗೆ, ಅಂದರೆ ಸುಮಾರು 22 ವರ್ಷ, ಮೂರನೇ ಜೋಡಣೆ ಸಾಲಿನ ಕೊನೆಯ ಮೇಜಿನಲ್ಲಿ ಕೆಲಸ ಮಾಡಿದ್ದೇನೆ. ಸಾರ್ಜೆಂಟ್ ಅವರು ಚಿಕ್ಕ ವಯಸ್ಸಿನವರು, ಕಾರ್ಬ್ಯುರೇಟರ್ ನೋಡಿಯೇ ಇಲ್ಲ ಎಂದಿದ್ದರಿಂದ ಇದನ್ನು ಹೇಳುತ್ತಿದ್ದೇನೆ. ಹಳೆಯ ಕಾರುಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ ಅದು. ಜೋಡಣೆಯಾಗಿ ಬಂದ ಪ್ರತಿಯೊಂದರ ಮೇಲೂ ಮೂರು ಅಂಕಿಯ ತಾರೀಖು ಹೊಡೆಯುವುದು ನನ್ನ ಕೆಲಸವಾಗಿತ್ತು. ಮೊದಲನೆಯದು ವರ್ಷ, ಎರಡನೆಯದು ತಿಂಗಳು, ಮೂರನೆಯದು ವಾರ. 1969ರ ಸೆಪ್ಟೆಂಬರ್ ಮೂರನೇ ವಾರ ಎಂದರೆ 993. ಉಕ್ಕಿನ ಅಚ್ಚನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಸುತ್ತಿಗೆ ಹೊಡೆಯುತ್ತಿದ್ದೆ. ನಾನು ಎಡಚಿ. ಆದ್ದರಿಂದ ನನ್ನ ಅಂಕಿಗಳು ಸ್ವಲ್ಪ ಎಡಕ್ಕೆ ವಾಲುತ್ತಿದ್ದವು.

1969ರ ಸೆಪ್ಟೆಂಬರ್ 16, ಮಂಗಳವಾರ, ಬೆಳಿಗ್ಗೆಯ ವಿರಾಮಕ್ಕೆ ಸ್ವಲ್ಪ ಮುಂಚೆ ಒಂಬತ್ತರ ಅಚ್ಚು ಮುರಿಯಿತು. ನಾನು ಅದನ್ನು ಮೇಸ್ತ್ರಿ ಲುಂಡ್ ಅವರಿಗೆ ತೋರಿಸಿ ಹೊಸದು ಕೇಳಿದೆ. ಹೊಸದು ಬರುವುದು ಮುಂದಿನ ವಾರ, ಅಲ್ಲಿಯವರೆಗೆ ಸಾಲು ನಿಲ್ಲಿಸುವ ಹಾಗಿಲ್ಲ ಎಂದರು. ಹಾಗಾದರೆ ಏನು ಮಾಡಲಿ ಎಂದಾಗ, "ಆರು ಇದೆಯಲ್ಲಮ್ಮ, ತಲೆಕೆಳಗೆ ಹಿಡಿದು ಹೊಡಿ. ಜನ ರಸ್ತೆ ನೋಡ್ಕೊಂಡು ಗಾಡಿ ಓಡಿಸ್ತಾರೆ, ಕಾರ್ಬ್ಯುರೇಟರ್ ನೋಡ್ಕೊಂಡಲ್ಲ" ಎಂದು ಹೇಳಿ ಹೋದರು. ನಾನು ಹಾಗೆಯೇ ಮಾಡಿದೆ. ನಮ್ಮ ಒಂಬತ್ತಿನ ಬಾಲ ನೇರ, ಆರರ ಬಾಲ ಸುರುಳಿ. ಆ ಆರರ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಒಂದು ಕಚ್ಚು ಸಹ ಮೊದಲಿನಿಂದ ಇತ್ತು. ಶುಕ್ರವಾರದವರೆಗೆ ನಾಲ್ಕು ದಿನ, ದಿನಕ್ಕೆ ಮುನ್ನೂರರ ಲೆಕ್ಕದಲ್ಲಿ, ಹೀಗೆ ಹೊಡೆದೆ. ಸೋಮವಾರ ಹೊಸ ಅಚ್ಚು ಬಂತು. ಆಮೇಲೆ 47 ವರ್ಷ ನಾನು ಇದನ್ನು ನೆನೆಸಿಕೊಳ್ಳಲೂ ಇಲ್ಲ.

ಹೋಬರ್ಟ್ ಲಾಲರ್, ವಯಸ್ಸು 71, ನನ್ನ ಪಕ್ಕದ ಮನೆಯವನು. ಅವನ ಗ್ಯಾರೇಜಿಗೂ ನನ್ನ ಅಡುಗೆಮನೆ ಕಿಟಕಿಗೂ 14 ಅಡಿ ಅಂತರ. 2005ರಲ್ಲಿ ಅವನು ತುಕ್ಕು ಹಿಡಿದ 1970ರ ಮಾದರಿಯ ಡಾಡ್ಜ್ ಒಂದನ್ನು ತಂದು, ಹನ್ನೊಂದು ವರ್ಷ ಅದನ್ನು ಹೊಸದು ಮಾಡುತ್ತಿದ್ದ. ಎರಡನೇ ವರ್ಷದಲ್ಲಿ ಅವನ ಹೆಂಡತಿ ನಡೀನ್ ತೀರಿಕೊಂಡಳು. ಆ ಮೇಲೆ ಅವನಿಗೆ ಉಳಿದದ್ದು ಆ ಕಾರು ಒಂದೇ. ಕಾರಿನ ಪ್ರತಿ ಭಾಗವೂ ಅದೇ ಕಾಲದ್ದು, ಮೂಲ ಕಾರ್ಖಾನೆಯದೇ ಎಂದು ಒಪ್ಪಿದರೆ ಹಳೆ ಕಾರುಗಳ ಕ್ಲಬ್‌ನವರು ಚಿನ್ನದ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕಾಗಿ ಅವನು ಗ್ಯಾರೇಜಿನ ಗೋಡೆಗೆ ಒಂದು ಖಾಲಿ ಚೌಕಟ್ಟನ್ನು ಹಾಕಿಕೊಂಡಿದ್ದ. ಅದರ ಬ್ರಾಕ್‌ವೇ ಕಾರ್ಬ್ಯುರೇಟರನ್ನು 2009ರಲ್ಲಿ ಒಹಾಯೋದ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡಿದ್ದನಂತೆ. ನಾನು ಭಾನುವಾರಗಳಂದು ಕಡುಬು ಮಾಡಿ ಬೇಲಿಯ ಮೇಲಿನಿಂದ ಕೊಡುತ್ತಿದ್ದೆ, ಅವನು ಅದನ್ನು ತಿನ್ನುತ್ತಾ ಕ್ಲಬ್‌ನ ಕೈಪಿಡಿ ಓದುತ್ತಿದ್ದ. ಅಂಕಿಗಳ ಆಕಾರದ ಬಗ್ಗೆಯೇ ಅದರಲ್ಲಿ ಒಂದು ಅಧ್ಯಾಯವಿದೆ. ನಾನು ಬ್ರಾಕ್‌ವೇಯಲ್ಲಿ ಇದ್ದದ್ದು ಅವನಿಗೆ ಗೊತ್ತಿತ್ತು. ಪ್ಯಾಕಿಂಗ್‌ನಲ್ಲಿ ಇದ್ದೆ ಎಂದು ಅವನೇ ತಿಳಿದುಕೊಂಡಿದ್ದ.

ಶನಿವಾರ, ಆಗಸ್ಟ್ 20ರಂದು ಬೆಳಿಗ್ಗೆ 8.05ಕ್ಕೆ ನಾವಿಬ್ಬರೂ ಅವನ ಕಾರಿನಲ್ಲಿ ಮನೆಯಿಂದ 2.4 ಮೈಲಿ ದೂರದಲ್ಲಿ ಕ್ಲಬ್‌ನವರು ಕಾರುಗಳ ಪರೀಕ್ಷೆ ಇಟ್ಟಿದ್ದ ಮೈದಾನಕ್ಕೆ ಹೊರಟೆವು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಗಂಟೆಗೆ 20 ಮೈಲಿಗಿಂತ ಹೆಚ್ಚು ಓಡಿಸಲಿಲ್ಲ. ನಾನು ಹಂದಿಮಾಂಸದ ಸ್ಯಾಂಡ್‌ವಿಚ್, ಉಪ್ಪಿನಲ್ಲಿಟ್ಟ ಸೌತೆಕಾಯಿ ಕಟ್ಟಿಕೊಂಡಿದ್ದೆ. ಕಾರಿನೊಳಗೆ ತಿನ್ನಬಾರದು ಎಂದು ಅವನು ಎರಡು ಸಲ ಹೇಳಿದ.

11.20ಕ್ಕೆ ಪರೀಕ್ಷಕ ಗ್ರೇಡನ್ ವೈಲಿ ಬಂದರು. ಇವರು ನಿವೃತ್ತ ದಂತವೈದ್ಯರು, ಆ ಕೈಪಿಡಿಯನ್ನು ಬರೆದವರೂ ಇವರೇ. ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದರು. ಬೋಲ್ಟು, ತಂತಿ, ಬಣ್ಣ ಎಲ್ಲದಕ್ಕೂ ತಲೆಯಾಡಿಸಿದರು. ಹೋಬರ್ಟ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. 11.50ಕ್ಕೆ ವೈಲಿ ಕಾರ್ಬ್ಯುರೇಟರಿನ ಮೇಲೆ ಬಗ್ಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಆಮೇಲೆ ಎದ್ದು, "ಲಾಲರ್, ಇದನ್ನ ಯಾರ ಹತ್ರ ಮಾಡಿಸಿದ್ದು?" ಎಂದು ಕೇಳಿದರು. ಹೋಬರ್ಟ್‌ಗೆ ಅರ್ಥವಾಗಲಿಲ್ಲ. "ಇದು ಒಂಬತ್ತಲ್ಲ ಕಣಯ್ಯಾ, ಆರನ್ನ ತಿರುಗಿಸಿ ಹೊಡೆದಿದ್ದಾರೆ. ಹಳೇ ಅಂಕಿ ಉಜ್ಜಿ ತೆಗೆದು ಹೊಸದು ಕುಟ್ಟೋ ಕಳ್ಳರಿಗೆ ಇಷ್ಟೂ ಬುದ್ಧಿ ಇರಲ್ಲ. ಕೈಪಿಡಿ ಪುಟ 187 ನೋಡು" ಎಂದರು. ನಕಲಿ ಭಾಗ ತಂದವರಿಗೆ ಕ್ಲಬ್‌ನಲ್ಲಿ ಜೀವಮಾನ ಪ್ರವೇಶವಿಲ್ಲ, ಪೊಲೀಸರಿಗೂ ತಿಳಿಸುವ ನಿಯಮವಿದೆ ಎಂದು ಎಲ್ಲರೆದುರು ಹೇಳಿದರು. ಸುತ್ತ ಇಪ್ಪತ್ತೈದು ಜನ ಇದ್ದರು. ಒಬ್ಬ, "ಹನ್ನೊಂದು ವರ್ಷ ಉಜ್ಜಿದ್ದು ಇದಕ್ಕಾ ತಾತಾ?" ಎಂದು ನಕ್ಕ. ಹೋಬರ್ಟ್ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಹೆಂಡತಿಯ ಅಂತ್ಯಕ್ರಿಯೆಯ ದಿನವೂ ನಾನು ಅವನನ್ನು ಹಾಗೆ ನೋಡಿರಲಿಲ್ಲ.

ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. 993. ಎರಡು ಒಂಬತ್ತಿಗೂ ಸುರುಳಿ ಬಾಲ, ಮೂರು ಅಂಕಿಗಳೂ ಎಡಕ್ಕೆ ವಾಲಿದ್ದವು. ನೋಡಿದ ತಕ್ಷಣ ಗುರುತು ಸಿಕ್ಕಿತು. ಇದು ಅಸಲಿ, ನಾನೇ ಹೊಡೆದದ್ದು, ಅಚ್ಚು ಮುರಿದಿತ್ತು ಎಂದು ನಡೆದದ್ದನ್ನೆಲ್ಲ ಹೇಳಿದೆ. ವೈಲಿ ನನ್ನ ಭುಜ ತಟ್ಟಿ, "ಅಮ್ಮಾ, ನಾನು ಮೂವತ್ತು ವರ್ಷದಿಂದ ಇದನ್ನೇ ನೋಡ್ತಿದೀನಿ. ಕಾರ್ಖಾನೆಯವರು ಹಾಗೆ ಮಾಡ್ತಿರಲಿಲ್ಲ" ಎಂದರು. ಕಾರ್ಖಾನೆಯವಳು ನಾನೇ ಎಂದೆ. ಅವರು ಆಗಲೇ ಮುಂದಿನ ಕಾರಿನ ಕಡೆ ತಿರುಗಿದ್ದರು.

ನನ್ನ ಅಚ್ಚು, ಸುತ್ತಿಗೆಗಳ ಪೆಟ್ಟಿಗೆ ಮನೆಯಲ್ಲಿತ್ತು. ಕಾರ್ಖಾನೆ ಮುಚ್ಚಿದ ದಿನ ಲುಂಡ್ ಅವರೇ, "ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಗೆ ಹೋಗತ್ತೆ" ಎಂದು ಕೊಟ್ಟದ್ದು. ಬರಹದಲ್ಲಿ ಕೊಟ್ಟಿಲ್ಲ. ಅವರು 1994ರಲ್ಲಿ ತೀರಿಕೊಂಡರು. ಹೋಬರ್ಟ್ ಕಾರನ್ನು ಬಿಟ್ಟು ಕದಲುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ಪೆಟ್ಟಿಗೆ ತರಲು ನಾನು ಮನೆಗೆ ನಡೆದೇ ಹೋದೆ. ಬಿಸಿಲಿತ್ತು, ನನ್ನ ಬಲ ಮೊಣಕಾಲು ಸರಿಯಿಲ್ಲ. ಹೋಗಲು ಒಂದು ಗಂಟೆ ಐದು ನಿಮಿಷ ಬೇಕಾಯಿತು. ವಾಪಸು ಬರಲು ಟ್ಯಾಕ್ಸಿ ಹಿಡಿದೆ. 1.40ಕ್ಕೆ ಮೈದಾನದಲ್ಲಿದ್ದೆ.

ಹಳೆ ಸಾಮಾನಿನ ಅಂಗಡಿಯವನೊಬ್ಬನ ಹತ್ತಿರ ಒಡೆದ ಕಾರ್ಬ್ಯುರೇಟರಿನ ತುಂಡು ಕೇಳಿ ಪಡೆದೆ. ವೈಲಿಯವರನ್ನು ಕರೆದೆ. ಜನ ಮೊದಲಿಗಿಂತ ಹೆಚ್ಚಿದ್ದರು. 1.55ಕ್ಕೆ ತುಂಡನ್ನು ಹೋಬರ್ಟ್‌ನ ಮಡಚುವ ಮೇಜಿನ ಮೇಲಿಟ್ಟು, ಆರನ್ನು ತಲೆಕೆಳಗೆ ಹಿಡಿದು ಹೊಡೆದೆ, ಸರಿಸಿ ಇನ್ನೊಮ್ಮೆ ಹೊಡೆದೆ, ಆಮೇಲೆ ಮೂರು. ಒಟ್ಟು ಮೂರೇ ಪೆಟ್ಟು. ಇಪ್ಪತ್ತೆಂಟು ವರ್ಷ ಸುತ್ತಿಗೆ ಮುಟ್ಟಿರಲಿಲ್ಲ, ಆದರೂ ಕೈ ತಪ್ಪಲಿಲ್ಲ. ವೈಲಿ ಎರಡನ್ನೂ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ವಾಲಿದ್ದು ಒಂದೇ, ಬಾಲ ಒಂದೇ, ಹೊಟ್ಟೆಯ ಕಚ್ಚೂ ಒಂದೇ. ಆಗ ನನಗೆ ಹೆಮ್ಮೆಯಾಯಿತು. ಇದು ಬೇಡ ಎಂದು ಸಾರ್ಜೆಂಟ್ ಹೇಳಿದರು, ನಾನು ಬರೆಯಲೇಬೇಕು ಎಂದಿದ್ದೇನೆ. ಹೆಮ್ಮೆಯಾಯಿತು.

ವೈಲಿ ತಲೆಯೆತ್ತಿ, "ಸರಿ ಹೋಯ್ತು. ಇವು ಎಲ್ಲಿಂದ ಬರ್ತಿದ್ವು ಅಂತ ಈಗ ಗೊತ್ತಾಯ್ತಲ್ಲ" ಎಂದರು.

ನನಗೆ ಮೊದಲು ತಿಳಿಯಲಿಲ್ಲ. ಅಚ್ಚು ಈಕೆಯದೇ, ಕೈ ಈಕೆಯದೇ, ಮನೆ ಲಾಲರ್‌ನ ಪಕ್ಕದ್ದೇ ಎಂದು ಅವರು ಜನರಿಗೆ ಬೆರಳು ಮಡಚಿ ತೋರಿಸಿದಾಗ ತಿಳಿಯಿತು. ಎಲ್ಲರೂ ಫೋನ್‌ನಲ್ಲಿ ನನ್ನ ಚಿತ್ರ ತೆಗೆಯುತ್ತಿದ್ದರು. ಅಂಗಡಿಯವನು ತಾನು ಕೊಟ್ಟ ತುಂಡನ್ನು ಹಿಂದಕ್ಕೆ ಎಳೆದುಕೊಂಡ. ನಾನು ಹೋಬರ್ಟ್ ಕಡೆ ನೋಡಿದೆ. ಅವನು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದು, "ನೀನಾ ಬರ್ನಿ? ನನ್ನ ಕಾರಿಗೆ ಹೀಗೆ ಮಾಡಿದ್ದು ನೀನಾ?" ಎಂದು ಕೇಳಿದ. 2.25ಕ್ಕೆ ಪೊಲೀಸರು ಬಂದರು. ಕಾರ್ಬ್ಯುರೇಟರನ್ನೂ ನನ್ನ ಪೆಟ್ಟಿಗೆಯನ್ನೂ ವಶಕ್ಕೆ ತೆಗೆದುಕೊಂಡರು. ಈಕೆಯ ಅಡುಗೆಮನೆಯಲ್ಲಿ ಎಷ್ಟೋ ಸಲ ಕುಟ್ಟುವ ಸದ್ದು ಕೇಳಿದ್ದೇನೆ ಎಂದು ಹೋಬರ್ಟ್ ಅವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಕುಟ್ಟುತ್ತಿದ್ದದ್ದು ಅವನಿಗೆ ಕೊಡುವ ಕಡುಬಿನ ಮಾಂಸವನ್ನು.

ಭಾನುವಾರ ಸಂಜೆ 6.30ಕ್ಕೆ ಹೋಬರ್ಟ್ ನನ್ನ ಮನೆ ಜಗಲಿಗೆ ಬಂದ. ಕೈಯಲ್ಲಿ ನನ್ನ ಕಡುಬಿನ ತಟ್ಟೆ ಇತ್ತು, ತೊಳೆದು ತಂದಿದ್ದ. ಹನ್ನೊಂದು ವರ್ಷದಲ್ಲಿ ಅವನು ತಟ್ಟೆ ತೊಳೆದು ಕೊಟ್ಟದ್ದು ಅದೇ ಮೊದಲು. ಕುಳಿತುಕೋ ಎಂದರೂ ಕೂರಲಿಲ್ಲ. ವೈಲಿ ಫೋನ್ ಮಾಡಿದ್ದರು, ತಾನು ಮೋಸಹೋದವನು ಎಂದು ಗೊತ್ತಾದರೆ ತನ್ನ ಮೇಲಿನ ನಿಷೇಧ ತೆಗೆಯುತ್ತಾರೆ, ಬೇರೆ ಕಾರ್ಬ್ಯುರೇಟರ್ ಹಾಕಿ ಮುಂದಿನ ವರ್ಷ ಬರಬಹುದು ಎಂದ. "ನೀನೇ ಮಾಡಿದ್ದು ಅಂತ ಒಪ್ಪಿಕೊಂಡುಬಿಡು ಬರ್ನಿ. ನಿನಗೇನು, ಎಪ್ಪತ್ತಾಯ್ತು. ಕಾರಿಲ್ಲ, ಕ್ಲಬ್ಬಿಲ್ಲ. ಮುದುಕಿಗೆ ಯಾರು ಜೈಲು ಹಾಕ್ತಾರೆ? ಒಂದು ಮಾತು ಹೇಳಿದ್ರೆ ಮುಗೀತು" ಎಂದ.

ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ. "ಹೋಬ್, ಅದು ಅಸಲಿ ಅಂತ ನೀನು ನಂಬ್ತೀಯೋ ಇಲ್ವೋ?" ಅವನು ಮಳೆನೀರಿನ ಕೊಳವೆಯ ಕಡೆ ನೋಡುತ್ತಾ, "ನಾನು ನಂಬಿದ್ರೆ ಏನು ಬಂತು? ಪುಸ್ತಕದಲ್ಲಿ ಇಲ್ವಲ್ಲ" ಎಂದ. ಅಂದರೆ ನಂಬುತ್ತಾನೆ. ನಂಬಿಕೊಂಡೇ ಕೇಳಲು ಬಂದಿದ್ದ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡು ಬಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಇನ್ನೂ ನಾಲ್ಕೈದು ನಿಮಿಷ ಜಗಲಿಯಲ್ಲಿ ನಿಂತಿದ್ದು ಹೋದ.

ನಾನು ಹೇಳುವುದಕ್ಕೆ ಬದುಕಿರುವ ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದು ಸಾರ್ಜೆಂಟ್ ಕೇಳಿದರು. ಲುಂಡ್ ಇಲ್ಲ. ಪಕ್ಕದ ಮೇಜಿನ ಒಪಲ್ ಇಲ್ಲ. ಆ ನಾಲ್ಕು ದಿನದ ಸಾವಿರದ ಇನ್ನೂರು ಕಾರ್ಬ್ಯುರೇಟರುಗಳಲ್ಲಿ ಇನ್ನೆಷ್ಟು ಉಳಿದಿವೆಯೋ ಗೊತ್ತಿಲ್ಲ. ಉಳಿದಿದ್ದರೂ ಪುಟ 187 ಓದಿದವರು ಅವನ್ನು ಕಸಕ್ಕೆ ಎಸೆದಿರುತ್ತಾರೆ.

ಈ ಅಂಕಿ ಹೊಡೆದದ್ದು ನೀವೇನಾ ಎಂದು ಸಾರ್ಜೆಂಟ್ ನೇರವಾಗಿ ಕೇಳಿದ್ದಕ್ಕೆ ನನ್ನ ಉತ್ತರ: ನಾನೇ, 1969ರ ಸೆಪ್ಟೆಂಬರ್ ಮೂರನೇ ವಾರದಲ್ಲಿ, ಕೂಲಿಗೆ. ಇದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕೆಂದು ಕೇಳಿಕೊಂಡಿದ್ದೇನೆ, ಮುಂದೆ ಯಾರೂ ಅರ್ಧ ಕತ್ತರಿಸಿ ಓದಬಾರದು.

ಪೆಟ್ಟಿಗೆಯನ್ನು ಹಿಂದಿರುಗಿಸಲಾಗದಿದ್ದರೆ ಇರಲಿ. ಕಾರ್ಬ್ಯುರೇಟರ್ ಯಾರಿಗೂ ಬೇಡವಾದರೆ ಅದನ್ನು ನನಗೆ ಕೊಡಬೇಕು. ಇಪ್ಪತ್ತೆರಡು ವರ್ಷದ ನನ್ನ ಕೆಲಸದಲ್ಲಿ ಒಬ್ಬರಾದರೂ ಕಣ್ಣಿಟ್ಟು ನೋಡಿದ್ದು ಅದೊಂದನ್ನೇ.

ಹೋಬರ್ಟ್ ಲಾಲರ್ ಬಗ್ಗೆ ಕೇಳಿದ್ದಕ್ಕೆ ತಿಳಿಸುವುದೇನೆಂದರೆ, ಆ ಅಂಕಿಗಳ ವಿಷಯ ಅವನಿಗೆ ಏನೂ ಗೊತ್ತಿರಲಿಲ್ಲ. ಅವನು ಯಾರಿಗೂ ಮೋಸ ಮಾಡಿಲ್ಲ. ನಾನು 14 ಅಡಿ ದೂರದಲ್ಲಿದ್ದೆ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನು ನನ್ನನ್ನು ಕೇಳಲಿಲ್ಲ.

ಇಷ್ಟನ್ನು ಸಾರ್ಜೆಂಟ್ ಗಟ್ಟಿಯಾಗಿ ಓದಿ ಹೇಳಿದರು, ನಾನು ಕೇಳಿಸಿಕೊಂಡೆ. ಬರೆದದ್ದೆಲ್ಲ ನಾನು ಹೇಳಿದ್ದು, ಹೇಳಿದ್ದೆಲ್ಲ ನಡೆದದ್ದು. ಎಡಗೈಯಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ವೆಲ್ಡನ್ ಪಾರ್ಕ್
ದಿನಾಂಕ: ಆಗಸ್ಟ್ 22, 2016, ಬೆಳಿಗ್ಗೆ 11.50
(ಸಹಿ) ಬರ್ನೀಸ್ ಸ್ಟಾಸಿಯಾಕ್
ಬರೆದುಕೊಂಡವರು: (ಸಹಿ) ಮರೆಟಾ ಕೋಲ್ಸ್, ಸಾರ್ಜೆಂಟ್