ನಲವತ್ತೊಂದನೇ ಬಿಲ್ಲೆ

ನಮ್ಮ ಸೋದರತ್ತೆ ಮಗನಿಗೆ ಆದದ್ದಿದು. ಹಿತ್ತಾಳೆ ಪಾಲಿಶ್ ಮಾಡೋನು. ಆ ರಾತ್ರಿ ಅಂಗಡಿ ಬಾಗಿಲು ಹಾಕೋವಾಗ ಹನ್ನೊಂದು ದಾಟಿತ್ತು. ಮನೆಗೆ ಹೋಗೋ ದಾರೀಲಿ ಒಂದು ಹಾಳುಬಾವಿ. ಅದರ ಹತ್ತಿರ ಬರ್ತಿದ್ದ ಹಾಗೆ ಕೇಳಿಸ್ತು... ಕಿರ್ರ್... ಕಿರ್ರ್... ಒಣಬಟ್ಟೇಲಿ ಲೋಹ ಉಜ್ಜೋ ಸದ್ದು. ಇಡೀ ದಿನ ಅದೇ ಕೆಲಸ ಮಾಡಿದ್ದಕ್ಕೆ ಕಿವೀಲಿ ಉಳಿದಿದೆ ಅಂದ್ಕೊಂಡ.

ಅವತ್ತು ಉಜ್ಜಿದ್ದು ಕಾರ್ಖಾನೆಯ ಹಳೇ ಬಿಲ್ಲೆಗಳನ್ನ. ಹಿಂದೆ ಅಲ್ಲಿ ಬೆಂಕಿ ಬಿದ್ದಾಗ ಸತ್ತವರ ಗುರುತು ಹಿಡಿದದ್ದು ಎದೆ ಮೇಲಿದ್ದ ಈ ಬಿಲ್ಲೆಯ ನಂಬರ್ ನೋಡೇ. "ಫಳಫಳ ಅನ್ನಬೇಕು, ನಾಳೆ ಬೆಳಿಗ್ಗೆ ಆಫೀಸ್ ಗೋಡೆಗೆ ಹಾಕ್ತೀವಿ" ಅಂದಿದ್ದರು ಮ್ಯಾನೇಜರು.

ಮಧ್ಯಾಹ್ನ ಒಬ್ಬ ಮುದುಕಿ ಅಂಗಡಿಗೆ ಬಂದಳು.

"ನಲವತ್ತೊಂದು ನನ್ನ ಮಗಂದು ಕಣಪ್ಪ. ಅದರ ಕಪ್ಪು ಮಾತ್ರ ತೆಗೀಬೇಡ. ಅವನ ಮೈದು ಅಂತ ಉಳಿದಿರೋದು ಅಷ್ಟೇ."

"ಯಾಕಜ್ಜಿ, ಮಗನಿಗೂ ಕೊಳೆಗೂ ವ್ಯತ್ಯಾಸ ಗೊತ್ತಾಗಲ್ವಾ?" ಅಂತ ನಕ್ಕುಬಿಟ್ಟ ಇವನು. ಅವಳ ಕಣ್ಣೆದುರೇ ಬಿಲ್ಲೆಯನ್ನ ತಿರುಗೋ ಚಕ್ರಕ್ಕೆ ಒತ್ತಿದ. ಗುಂಯ್ಯ್... ಕಪ್ಪು ಪುಡಿಪುಡಿಯಾಗಿ ಹಾರಿತು. ಹಟಕ್ಕೆ ಬಿದ್ದು ಇನ್ನೂ ಒತ್ತಿದ. ನಂಬರೂ ಸವೆದುಹೋಯ್ತು. ಮುದುಕಿ ಎದ್ದು ಹೋದಳು. ಇವನು ಅದಕ್ಕೊಂದು ಕೋಟ್ ವಾರ್ನಿಷ್ ಹೊಡೆದು ಒಣಗೋಕಿಟ್ಟ.

ಕಿರ್ರ್... ಕಿರ್ರ್...

ಬಾವಿಕಟ್ಟೆ ಮೇಲೆ ಯಾರೋ ಕೂತಿದ್ದ. ಬೆನ್ನು ಈ ಕಡೆ. ಮೊಣಕೈ ಮೇಲೆ ಕೆಳಗೆ ಆಡ್ತಿತ್ತು.

"ಯಾರಪ್ಪ ಅದು?"

"ನಾನೇ ಅಣ್ಣಾ..." ಪಿಸುದನಿ.

"ಏನು ಉಜ್ತಿದ್ದೀಯ, ಇಷ್ಟು ಹೊತ್ನಲ್ಲಿ?"

"ನೀವು ಶುರು ಮಾಡಿದ್ದನ್ನ... ಮುಗಿಸ್ತಿದ್ದೀನಿ."

ಕೂತವನು ತಿರುಗಿದ. ಉಜ್ಜಿಕೊಳ್ತಿದ್ದದ್ದು ಮುಖಾನೇ. ಕಣ್ಣಿಲ್ಲ, ಮೂಗಿಲ್ಲ... ಹಳದಿಯಾಗಿ, ನುಣ್ಣಗೆ... ಬೆಳದಿಂಗಳಿಗೆ ಹೊಳೀತಿತ್ತು. ಬಾಯಿರಬೇಕಾದ ಕಡೆಯಿಂದ ಮಾತು ಬಂತು.

"ಸಾಕಾ ಅಣ್ಣಾ... ಇನ್ನೂ ಹೊಳೀಬೇಕಾ?"

ಚಪ್ಪಲಿ ಅಲ್ಲೇ ಬಿಟ್ಟು ಬಿದ್ದಂಬೀಳ ಓಡಿದ.

ಬೆಳಕು ಹರಿಯೋದೇ ತಡ, ಅಂಗಡಿಯಿಂದ ಆ ಬಿಲ್ಲೆ ತಗೊಂಡು ಮುದುಕಿ ಮನೆ ಹುಡುಕ್ಕೊಂಡು ಹೋದ. ಕಾಲಿಗೆ ಬೀಳೋಣ ಅಂತ. ಬಾಗಿಲು ತೆಗೆದ ಅವಳ ಕಣ್ಣು ನಿದ್ದೆಯಿಲ್ಲದೆ ಊದಿದ್ದವು. ಇವನು ಬಾಯಿ ತೆಗೆಯೋ ಮೊದಲೇ ಅವಳೇ ಅಂದಳು:

"ದಿನಾ ರಾತ್ರಿ ನನ್ನ ಮಗ ಬರ್ತಿದ್ದ ಕಣಪ್ಪ. ಬಾಗಿಲಲ್ಲಿ ನಿಂತು ಮುಖ ತೋರಿಸಿ ಹೋಗ್ತಿದ್ದ. ನಿನ್ನೆ ಬರಲೇ ಇಲ್ಲ. ಬೇರೆ ಯಾವನೋ ಬಂದು ಅಮ್ಮಾ, ಅಮ್ಮಾ ಅಂತ ಕರೆದ. ಗುರುತೇ ಸಿಗಲಿಲ್ಲ. ಬೈದು ಅಟ್ಟಿ ಚಿಲಕ ಹಾಕ್ಕೊಂಡೆ... ಪಾಪ, ಅಳ್ತಿದ್ದ."

ಇವನ ಕಣ್ಣು ಬಾಗಿಲ ಮೇಲೆ ಹೋಯ್ತು.

ನಂಬ್ತೀರೋ ಬಿಡ್ತೀರೋ, ನಡೆದದ್ದು ಮಾತ್ರ ನಿಜ. ಆ ಬಾಗಿಲಿನ ಹೊರಮೈಯಲ್ಲಿ, ಆಳೆತ್ತರದಲ್ಲಿ, ಮುಖದಗಲ ಹಸಿರು ಬಣ್ಣ ಉಜ್ಜಿಹೋಗಿ ನುಣ್ಣನೆ ಮರ ಕಾಣ್ತಿತ್ತು. ಇವನು ಮುಟ್ಟಿ ನೋಡಿದ. ಇನ್ನೂ ಬೆಚ್ಚಗಿತ್ತು.